ಕನ್ನಡ ಪರೀಕ್ಷೆಗೆ ಬಂದ ನರ್ಸಮ್ಮ

ಹುಣಸೂರಿನಲ್ಲಿ ನಾನು ಕನ್ನಡ ಮೇಷ್ಟ್ರಾಗಿ ಸೇರಿ ವರ್ಷವೂ ತುಂಬಿರಲಿಲ್ಲ. ಐವತ್ತರ ದಶಕದ ಕೊನೆ. ಹೊರರಾಜ್ಯದಿಂದ ಬಂದ ಸರ್ಕಾರಿ ನೌಕರರು ಕನ್ನಡ ಪರೀಕ್ಷೆ ಪಾಸು ಮಾಡಿದರಷ್ಟೇ ಕೆಲಸ ಕಾಯಂ ಆಗುತ್ತಿತ್ತು. ಆ ಪರೀಕ್ಷೆಯನ್ನು ಹೆಡ್‌ಮಾಸ್ಟರು ನನ್ನ ತಲೆಗೆ ಕಟ್ಟಿದರು. ಇಪ್ಪತ್ಮೂರರ ಹುಡುಗ ನಾನು. ಜಂಬಕ್ಕೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಕೆಂಪು ಮಸಿಯ ಹೊಸ ಬುಡ್ಡಿಯನ್ನೇ ತಂದಿಟ್ಟುಕೊಂಡೆ.

ಪರೀಕ್ಷೆಗೆ ಬಂದವರು ಒಬ್ಬರೇ. ಎಚ್.ಡಿ. ಕೋಟೆ ಕಡೆಯ ಹಳ್ಳಿಯೊಂದರಲ್ಲಿ ಹೆರಿಗೆ ಮಾಡಿಸುತ್ತಿದ್ದ ಮಲಯಾಳಿ ನರ್ಸು. ಹಿಂದಿನ ಸಲ ಫೇಲಾಗಿದ್ದರು. ಈ ಸಲವೂ ಹಾಗೇ ಆದರೆ ಗಂಟುಮೂಟೆ ಕಟ್ಟಿ ಕೇರಳಕ್ಕೆ ವಾಪಸು. ಬೆಳಿಗ್ಗೆ ಬರೆದ ವ್ಯಾಕರಣದ ಉತ್ತರಗಳಲ್ಲಿ ವಿಭಕ್ತಿ, ಲಿಂಗ, ಕಾಲ ಎಲ್ಲ ಕಲಸುಮೇಲೋಗರ. ಖುಷಿಯಿಂದ ಕೆಂಪು ಬಳಿದೆ. ಇನ್ನು ಬಾಯಿಮಾತಿನ ಪರೀಕ್ಷೆಯೊಂದೇ ಅವರನ್ನು ಉಳಿಸಬೇಕಿತ್ತು. ಅದರಲ್ಲೋ, ಊರು ಯಾವುದೆಂದು ಕೇಳಿದರೂ ಹೆದರಿ ಸೆರಗು ತಿರುವುತ್ತ ಕೂತುಬಿಟ್ಟರು.

ಅಷ್ಟರಲ್ಲಿ ಐದಾರು ಹೆಂಗಸರು ಒಳಗೆ ನುಗ್ಗಿದರು. ನರ್ಸಮ್ಮನ ಹಳ್ಳಿಯಿಂದ ಅದೇ ಬಸ್ಸಿನಲ್ಲಿ ಬಂದು ಜಗಲಿಯಲ್ಲಿ ಕಾದಿದ್ದವರು. ಎಲ್ಲರಿಗಿಂತ ಹಿರಿಯಳಾದ ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದು ಹೇಳಿದಳು: "ಮುಚ್ಚುಮರೆ ಯಾಕೆ ಸ್ವಾಮಿ, ಈವಮ್ಮಂಗೆ ಕನ್ನಡ ನೆಟ್ಟಗೆ ಬರಾಕಿಲ್ಲ. ಮುದ್ದೆ ಮಾಡಾಕೂ ಬರಾಕಿಲ್ಲ. ಮೂಗಿನ ತುದೀಲೇ ಕ್ವಾಪ. ನಿಮಗೆ ಬ್ಯಾಡ, ಬುಡಿ."

ನಾನು ಪೆಚ್ಚಾದೆ. ಮರುಕ್ಷಣ ನರ್ಸಮ್ಮ ದಡಕ್ಕನೆ ಎದ್ದರು.

"ಇದು ಎಣ್ಣು ನೋಡೋ ಶಾಸ್ತ್ರ ಅಂದ್ಕಂಡ್ರಾ? ಮೇಷ್ಟ್ರು ನೋಡ್ತಾರೆ, ಪ್ರಶ್ನೆ ಕೇಳ್ತಾರೆ, ಒಪ್ಪುದ್ರೆ ಆಯ್ತು ಅಂತ ನಾನಂದಿದ್ದು ಕೆಲಸದ ಪರೀಕ್ಷೆಗೆ ಕಣವ್ವ. ಇವರು ಫೇಲ್ ಅಂತ ಬರುದ್ರೆ ನಾನು ಊರು ಬುಡಬೇಕು. ಆಮೇಲೆ ನಿಮ್ಮ ಸೊಸೇರ ಎರಿಗೆ ಯಾರು ಮಾಡ್ಸೋದು, ನೀನಾ? ಬಿಸ್ನೀರು ಕಾಯ್ಸು ಅಂದ್ರೆ ಅಳ್ತಾ ಕೂತ್ಕೊಳ್ಳೋಳು ನೀನು."

ಅಲ್ಲಿಗೆ ನಿಲ್ಲಲಿಲ್ಲ. ಒಬ್ಬೊಬ್ಬಳನ್ನೇ ಹಿಡಿದು ಜಾಡಿಸಿದರು. ವ್ಯಾಕರಣ ದಿಕ್ಕಾಪಾಲು, ರಾಗವೆಲ್ಲ ಮಲಯಾಳಿ. ಆದರೆ ಒಂದೇ ಒಂದು ಮಾತೂ ಯಾರಿಗೂ ತಿಳಿಯದೆ ಹೋಗಲಿಲ್ಲ. ನಾನು ನಂಬರು ಹಾಕುವುದನ್ನೇ ಮರೆತು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ.

ತಮ್ಮ ನರ್ಸಮ್ಮನನ್ನು ಮದುವೆಯಾಗಿ ಹುಣಸೂರಿನಲ್ಲಿ ಇಟ್ಟುಕೊಳ್ಳುವ ಗಂಡು ನಾನೆಂದು ಆ ಹೆಂಗಸರು ತಿಳಿದಿದ್ದರು. ಸಂಬಂಧ ಮುರಿಯಲೆಂದೇ ಬಸ್ ಹತ್ತಿ ಬಂದಿದ್ದರು! ಅಜ್ಜಿ ಧೊಪ್ಪನೆ ಕೂತಳು. "ಅಂಗಾದ್ರೆ ನಾನಂದಿದ್ದೆಲ್ಲ ಸುಳ್ಳು ಸ್ವಾಮಿ. ಅಳಿಸ್ಬುಡಿ."

ನಗು ತಡೆಯಲಾಗದೆ ಮೇಜಿಗೆ ಹಣೆ ಒತ್ತಿಕೊಂಡೆ. ಬಾಯಿಮಾತಿಗೆ ಪೂರ್ತಿ ನಂಬರು ಹಾಕಿ, ಪಾಸಾದ ಚೀಟಿ ಬರೆದೆ. ಅಂಥ ಸಂತೋಷ ನನ್ನ ಸ್ವಂತ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ.

"ನಾನು ಓಗ್ಬೇಕಾಗಿಲ್ವಾ?" ಎಂದು ನರ್ಸಮ್ಮ ನನ್ನನ್ನು ಕೇಳಿದರು.

"ಎಲ್ಲಿಗೋದೀಯೆ, ನಡಿ, ಬಸ್ಸು ಬತ್ತದೆ," ಎಂದು ಅಜ್ಜಿ ಕೈ ಹಿಡಿದು ಎಳೆದುಕೊಂಡು ಹೋದಳು.

ಆ ಗಡಿಬಿಡಿಯಲ್ಲಿ ಪಾಸಾದ ಚೀಟಿ ಮೇಜಿನ ಮೇಲೆಯೇ ಉಳಿದಿತ್ತು. ಪಂಚೆ ಎತ್ತಿ ಕಟ್ಟಿ, ಎದುರಾದ ಶಿಷ್ಯರ ಮುಂದೆಯೇ ಪೇಟೆ ಬೀದಿಯಲ್ಲಿ ಓಡಿದೆ. ಹೊರಟಿದ್ದ ಬಸ್ಸಿನ ಕಿಟಕಿಯೊಳಗೆ ಚೀಟಿ ತೂರಿಸಿದೆ. ನರ್ಸಮ್ಮ ಕೈ ಚಾಚುವ ಮೊದಲೇ ಅಜ್ಜಿ ಅದನ್ನು ಕಸಿದು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇದು ನನ್ತಾವೇ ಇರ್ಲಿ."