ಸೇರಿಸೋಣ ಸಾಹೇಬರು ನೀರು ಬಿಟ್ಟದ್ದು

ಜಲ ಸಮನ್ವಯ ಕಚೇರಿಯ ಆ ಅಧಿಕಾರಿಯನ್ನು ನಾವು ನೀರಿನ ಚಳವಳಿಯವರು ಕರೆಯುತ್ತಿದ್ದದ್ದು ಸೇರಿಸೋಣ ಸಾಹೇಬರು ಎಂದೇ. ಅಣೆಕಟ್ಟೆಯವರು ಒಂದು ಕೇಳಿದರೆ "ಸೇರಿಸೋಣ", ಪೇಟೆಗೆ ನೀರು ಕೊಡುವ ನಲ್ಲಿಯವರು ಅದಕ್ಕೆ ತದ್ವಿರುದ್ಧ ಕೇಳಿದರೆ "ಅದನ್ನೂ ಸೇರಿಸೋಣ". ಬಾಗಿಲಲ್ಲಿ ನಿಂತು ಧಿಕ್ಕಾರ ಕೂಗಿದ ನಮ್ಮ ಬೇಡಿಕೆಗಳನ್ನೂ ಚಹಾ ಕೊಟ್ಟು ಸೇರಿಸಿದ್ದರು. ಹೀಗೆ ಸೇರಿಸಿ ಸೇರಿಸಿ ದೇಶದ ನೀರಿನ ಯೋಜನೆ ಸಂತೆಚೀಲದಂತೆ ಉಬ್ಬಿತ್ತು. ಅದರಲ್ಲಿ ಇಲ್ಲದ್ದು ನೀರೊಂದೇ.

ಮನುಷ್ಯ ಕೆಟ್ಟವರಲ್ಲ. ಜಗಳ ಕಂಡರೆ ಆಗುತ್ತಿರಲಿಲ್ಲ, ಅಷ್ಟೆ. ಸಭೆಯ ಉದ್ದ ಮೇಜಿನ ಒಂದು ತುದಿಗೆ ಅಣೆಕಟ್ಟೆ ಎಂಜಿನಿಯರ್, ಇನ್ನೊಂದು ತುದಿಗೆ ನಲ್ಲಿ ಎಂಜಿನಿಯರ್. ನಡುವೆ ಇವರು, ಬೀಗರ ಜಗಳದಲ್ಲಿ ಸಿಕ್ಕಿಬಿದ್ದ ಮದುವೆ ದಲ್ಲಾಳಿಯಂತೆ, ಬಿಸ್ಕತ್ತಿನ ತಟ್ಟೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಸರಿಸುತ್ತ.

ಆ ಬೇಸಿಗೆಯಲ್ಲಿದ್ದ ಪ್ರಶ್ನೆ ಒಂದೇ. ಅಣೆಕಟ್ಟೆಯಲ್ಲಿ ಉಳಿದ ನೀರನ್ನು ನದಿಗೆ ಹರಿಸಿ ಕೆಳಪೇಟೆಯ ನಲ್ಲಿಗಳಿಗೆ ಕೊಡುವುದೋ, ಕಾಲುವೆಯ ಜಮೀನುಗಳಿಗೆಂದು ತಡೆದಿಡುವುದೋ? ಕೆಳಪೇಟೆಯಲ್ಲಿ ಸಾಹೇಬರ ಒಡಹುಟ್ಟಿದ ಅಕ್ಕನ ಲಾಂಡ್ರಿ ಇತ್ತು. ನೀರು ಬರದಿದ್ದರೆ ಅದರ ಬಾಗಿಲು ಮುಚ್ಚಿದ ಹಾಗೇ.

ಮಧ್ಯಾಹ್ನದವರೆಗೆ ಇಬ್ಬರೂ ಮೇಜು ಗುದ್ದಿದ್ದಾಯಿತು. ಹಸಿದ ಸಾಹೇಬರು ಎದ್ದು, "ಹಂಗಾದ್ರೆ ಕೆಳಪೇಟೆ ನೀರು ಬಿಟ್ಟಂಗೆ, ಸರೀನಾ?" ಎಂದರು.

"ಸರಿ ಸಾರ್!" ಎರಡೂ ತುದಿಯಿಂದ ಒಂದೇ ಉಸಿರಿಗೆ.

ಸಾಹೇಬರ ಸರ್ವಿಸಿನಲ್ಲೇ ಮೊದಲ ಒಮ್ಮತ. ಎಂಜಿನಿಯರುಗಳು ಹೆಗಲ ಮೇಲೆ ಕೈ ಹಾಕಿಕೊಂಡು ಕ್ಯಾಂಟೀನಿಗೆ ಹೋದರಂತೆ. ನೀರು ಹರಿಯಬಿಟ್ಟಂಗೆ ಎಂದು ನಲ್ಲಿಯವನು ತಿಳಿದ. ಕೆಳಪೇಟೆಯ ಮಾತೇ ಕೈಬಿಟ್ಟಂಗೆ ಎಂದು ತಿಳಿದ ಅಣೆಕಟ್ಟೆಯವನು ಗೇಟನ್ನು ಇನ್ನಷ್ಟು ಬಿಗಿ ಮಾಡಿಸಿದ.

ವಾರ ಕಳೆಯುವಷ್ಟರಲ್ಲಿ ಕೆಳಪೇಟೆಯ ನಲ್ಲಿಗಳು ಬುಸ್ಸೆಂದು ಗಾಳಿ ಕಾರಿದವು. ನಾವು ಖಾಲಿ ಕೊಡ, ಬಕೆಟ್ ಹಿಡಿದು ಕಚೇರಿಯ ಅಂಗಳದಲ್ಲಿ ಕೂತೆವು. ಎಲ್ಲರಿಗಿಂತ ಮುಂದೆ ಅಕ್ಕ, ಒಗೆಯದ ಬೆಡ್‌ಶೀಟುಗಳ ಗಂಟಿನ ಮೇಲೆ. ನಮ್ಮ ಘೋಷಣೆಗೆ ಜಗ್ಗದ ಸಾಹೇಬರು ಅವಳ ದನಿಗೆ ಓಡೋಡಿ ಬಂದರು. ಹಿಂದೆಯೇ ಎಂಜಿನಿಯರುಗಳು.

"ಬಾರೋ, ದೊಡ್ಡ ಮನುಷ್ಯ! ಊರವರನ್ನೆಲ್ಲ ಸೇರಿಸ್ದೆ, ಅಕ್ಕನ್ನ ಬಿಟ್ಟೆ."

"ಅಕ್ಕಾ, ನೀರು ಆಗ್ಲೇ ಬಿಟ್ಟಾಯ್ತಲ್ಲ!"

"ಹೌದಮ್ಮ, ಬಿಟ್ಟಾಯ್ತು," ಎಂದ ಅಣೆಕಟ್ಟೆ ಎಂಜಿನಿಯರ್. "ಯೋಜನೆಯಿಂದಲೇ ಬಿಟ್ಟಾಯ್ತು. ಸಾಹೇಬರೇ ಹೇಳಿದ್ರು."

"ಅಯ್ಯೋ, ಹರಿಯೋಕೆ ಬಿಟ್ಟಿದ್ದು ಅಲ್ವೇನ್ರೀ?" ನಲ್ಲಿ ಎಂಜಿನಿಯರ್ ಹೌಹಾರಿದ.

ಸಾಹೇಬರ ಮುಖ ಹಿಂಡಿದ ಬಟ್ಟೆಯಂತಾಯಿತು.

"ಬದಲಾಯಿಸೋಕೆ ಮತ್ತೆ ಸಭೆ ಸೇರಿಸ್ಬೇಕು ಸಾರ್," ಎಂದ ಅಣೆಕಟ್ಟೆಯವನು. "ಮುಂದಿನ ತಿಂಗಳು ನೋಡೋಣ."

"ಸೇರಿಸೋದು ಇವನಿಗೇನು ಹೊಸದಾ?" ಅಕ್ಕ ಬಕೆಟುಗಳನ್ನು ಬೋರಲು ಹಾಕಿದಳು. "ಕೂತ್ಕೊಳ್ರಪ್ಪ. ಸಭೆ ಶುರು."

ಕೂತರು. ಅಣೆಕಟ್ಟೆಯವನು ಕಾಲುವೆಯ ಪರ ಬಾಯಿ ತೆರೆದ. ಅಭ್ಯಾಸಬಲ ನೋಡಿ, ಸಾಹೇಬರ ನಾಲಿಗೆ "ಅದನ್ನೂ ಸೇ..." ಎಂದೇಬಿಟ್ಟಿತು. ಅಕ್ಕ ಗಂಟಿನ ಮೇಲಿಂದ ಅರ್ಧ ಎದ್ದಳು. ಸಾಹೇಬರು ಅಣೆಕಟ್ಟೆಯವನತ್ತ ತಿರುಗಿದರು.

"ಇಲ್ಲ. ಕಾಲುವೆಗೆ ಆಮೇಲೆ. ಗೇಟು ಮೇಲಕ್ಕೆ ಹೋಗ್ಬೇಕು, ನೀರು ನದಿಗೆ ಬೀಳ್ಬೇಕು. ನನ್ನ ಮುಂದೇನೇ ಫೋನ್ ಮಾಡಿ."

ಆ ಬಾಯಲ್ಲಿ 'ಇಲ್ಲ' ಎಂಬುದನ್ನು ನಾವು ಕೇಳಿದ್ದು ಅದೇ ಮೊದಲು. ಧಿಕ್ಕಾರ ಕೂಗಲು ಬಂದವರಿಗೆ ಏನು ಕೂಗಬೇಕೋ ತೋಚಲಿಲ್ಲ.

ಮರುದಿನ ಸಂಜೆ ಲಾಂಡ್ರಿಯ ನಲ್ಲಿ ಕೆಮ್ಮಿತು, ಕೆಂಪು ನೀರು ಉಗುಳಿತು, ಆಮೇಲೆ ನೆಟ್ಟಗೆ ಸುರಿಯಿತು. ಅಕ್ಕ ಫೋನ್ ಮಾಡಿದಳು.

"ಬಂತು ಕಣೋ. ನಿನ್ನೆ ಬಯ್ದಿದ್ದು ಸ್ವಲ್ಪ ಜಾಸ್ತಿ ಆಯ್ತೇನೋ."

"ಪರವಾಗಿಲ್ಲ, ಬಿಡಕ್ಕ."

"ಮತ್ತೆ ಬಿಡು ಅಂತೀಯಾ!" ಎಂದು ಫೋನ್ ಕುಕ್ಕಿ, ನಲ್ಲಿಯ ಕೆಳಗೆ ಇನ್ನೊಂದು ಬಕೆಟ್ ಸರಿಸಿದಳು.