ತುಂಬಿಕೊಂಡೇ ಮನೆಗೆ ಬಂದ ನೀರಿನ ಬಾಟಲಿ

"ಬೇಡ ಅಜ್ಜಿ. ನೀರು ಕುಡಿದ್ರೆ ಸುಸು ಬರುತ್ತೆ."

ಕಳೆದ ವಾರ ಒಂದು ಸಂಜೆ, ಡೇ-ಕೇರ್‌ನಿಂದ ಬಂದ ಮೊಮ್ಮಗಳು ಸಾನ್ವಿ ಲೋಟವನ್ನು ಎರಡೂ ಕೈಯಿಂದ ತಳ್ಳಿ ಹೀಗೆಂದಳು. ಅವಳಿಗೆ ಎರಡೂವರೆ ವರ್ಷ. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಚಿಕ್ಕಮಗಳೂರಿನ ಚಳಿಗೆ ಯಾರ ತುಟಿ ತಾನೇ ಒಡೆಯುವುದಿಲ್ಲ ಎಂದುಕೊಂಡು ನಾನು ತುಪ್ಪ ಸವರುತ್ತಿದ್ದೆ. ಅವಳ ಬ್ಯಾಗಿನಲ್ಲಿ ನೀರಿನ ಬಾಟಲಿ, ಬೆಳಿಗ್ಗೆ ತುಂಬಿಸಿ ಕಳಿಸಿದಷ್ಟೂ ನೀರಿನೊಂದಿಗೆ ಹಾಗೇ ಇತ್ತು.

ಹಿಂದಿನ ದಿನವೂ ಹಾಗೇ ಇತ್ತಲ್ಲವೇ? ಅದರ ಹಿಂದಿನ ದಿನ? ಅಲ್ಲಿಯ ನೀರನ್ನೇ ಕೊಡುತ್ತಾರೇನೋ ಎಂದು ನಾನೂ ಸೊಸೆ ರಶ್ಮಿಯೂ ಸುಮ್ಮನಿದ್ದೆವು. ಸುಮ್ಮನಿದ್ದೆವು ಎನ್ನುವುದಕ್ಕಿಂತ, ಖುಷಿಯಲ್ಲಿದ್ದೆವು. ಯಾಕೆಂದರೆ ವಾರದಿಂದ ನಮ್ಮ ಹುಡುಗಿಯ ಚಡ್ಡಿ ಒಣಗಿಯೇ ಇರುತ್ತಿತ್ತು.

(ಅಜ್ಜಿ ಮನೆಯಲ್ಲಿರುವಾಗ ಡೇ-ಕೇರ್ ಯಾಕೆ ಎಂದು ಕೇಳುವವರಿಗೆ: ಮಂಡಿಯ ಆಪರೇಷನ್ ಆಗಿದೆ. ಮಗು ಗೇಟು ದಾಟಿದರೆ ಅಟ್ಟಿಸಿಕೊಂಡು ಹೋಗಲು ನನ್ನಿಂದ ಆಗುವುದಿಲ್ಲ.)

ತಿಂಗಳ ಮೊದಲಲ್ಲಿ ಡೇ-ಕೇರ್ ನಡೆಸುವ ಮಿಸ್ ವಾಟ್ಸಾಪ್ ಗ್ರೂಪಿಗೆ ಒಂದು ಸಂದೇಶ ಹಾಕಿದ್ದರು. ದೊಡ್ಡ ಮಕ್ಕಳ ರೂಮಿಗೆ ಹೋಗುವವರಿಗೆ ಡೈಪರ್ ಇರಬಾರದು. ತಿಂಗಳ ಕೊನೆಯೊಳಗೆ ಅಭ್ಯಾಸವಾಗದಿದ್ದರೆ ಸೀಟು ಕಾಯುತ್ತಿರುವ ಬೇರೆ ಮಗುವಿಗೆ ಹೋಗುತ್ತದೆ. ಕೆಳಗೆ ಒಂದು ನಗುವ ಮುಖ.

ರಶ್ಮಿ ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಈಗ ಕೊಯ್ಲಿನ ಕಾಲ. ಪಾರ್ಚ್‌ಮೆಂಟ್ ಕಾಫಿಬೀಜ ಹೊತ್ತ ಲಾರಿಗಳು ಸಾಲುಗಟ್ಟಿ ನಿಂತಿರುವಾಗ ಅಲ್ಲಿ ಯಾರೂ ರಜೆಯ ಮಾತೆತ್ತುವ ಹಾಗಿಲ್ಲ. ಮಗ ಅತ್ತಿಗುಂಡಿ ಕಡೆಯ ಎಸ್ಟೇಟಿನಲ್ಲಿ ಮ್ಯಾನೇಜರ್. ಬೆಳಕು ಹರಿಯುವ ಮೊದಲೇ ಹೊರಡುತ್ತಾನೆ. ಸೀಟು ಹೋದರೆ ರಶ್ಮಿಯ ಕೆಲಸವೂ ಹೋದ ಹಾಗೆ. ಊರಲ್ಲಿ ನಂಬಿ ಬಿಡುವಂಥ ಇನ್ನೊಂದು ಜಾಗವಿಲ್ಲ.

ನಾನು ಧೈರ್ಯ ಹೇಳಿದೆ. "ನನಗೆ ಬಿಡು, ಶಿಸ್ತಿನ ವಿಷಯ ಇದು."

ಶಿಸ್ತು ನನ್ನ ಮೈಗೆ ಅಂಟಿದ್ದು. ನಮ್ಮಪ್ಪ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಬೆಲ್ಲು ಹೊಡೆದರೆ ಆಳುಗಳನ್ನು ಸಾಲಾಗಿ ನಿಲ್ಲಿಸಿ ಹಾಜರಿ ಹಾಕುವ ಮಸ್ಟರ್, ಬೆಲ್ಲು ಹೊಡೆದರೆ ನಮ್ಮ ಸ್ನಾನ, ಬೆಲ್ಲು ಹೊಡೆದರೆ ಊಟ. ಆಮೇಲೆ ನಾನು ಟೀಚರ್ ಆದೆ, ಬೆಲ್ಲು ಹೊಡೆಸುವ ಕಡೆಗೆ ಬಂದೆ. ಅಷ್ಟೇ ವ್ಯತ್ಯಾಸ. ಡೇ-ಕೇರ್‌ನಲ್ಲಿ ಸುಸು ಮಾಡಿಸುವ ಬಣ್ಣದ ಪಾಟಿಗಳನ್ನು ಸಾಲಾಗಿ ಇಟ್ಟು ಮಕ್ಕಳನ್ನೆಲ್ಲ ಒಟ್ಟಿಗೆ ಕೂರಿಸುವುದನ್ನು ಕಂಡಾಗ ನನಗೆ ಮನಸ್ಸು ತುಂಬಿ ಬಂದಿತ್ತು. ಮಸ್ಟರ್ ಎಂದರೆ ಹೀಗಿರಬೇಕು.

ಮನೆಯಲ್ಲೂ ಅದನ್ನೇ ಶುರು ಮಾಡಿದೆ. ಫೋನಿನಲ್ಲಿ ಅಲಾರ್ಮ್. ಹೊಡೆದ ಕೂಡಲೇ ಆಟ ನಿಲ್ಲಿಸಿ ಪಾಟಿ ಮೇಲೆ. ಬರಲಿ, ಬಿಡಲಿ. ಅಲಾರ್ಮ್ ಕೇಳಿದರೆ ಸಾನ್ವಿ ಸೋಫಾದ ಹಿಂದೆ ಬಚ್ಚಿಟ್ಟುಕೊಳ್ಳಲು ಶುರು ಮಾಡಿದಳು. ಅವಳನ್ನು ಎಳೆದು ತರುವುದೂ ನನ್ನ ಟೈಮ್‌ಟೇಬಲ್ಲಿಗೆ ಸೇರಿಕೊಂಡಿತು.

ಡೇ-ಕೇರ್‌ನಲ್ಲಿ ದಿನವಿಡೀ ಒದ್ದೆ ಮಾಡಿಕೊಳ್ಳದ ಮಗುವಿಗೆ ಕೆನ್ನೆಯ ಮೇಲೆ ಸ್ಟಾರ್. ಸಂಜೆ ಆ ಕೆನ್ನೆಗಳ ಫೋಟೋ ಗ್ರೂಪಿಗೆ. ರಶ್ಮಿ ಆಫೀಸಿನಲ್ಲೇ ಫೋಟೋ ಹಿಗ್ಗಿಸಿ ಮಗಳ ಕೆನ್ನೆ ಹುಡುಕುತ್ತಿದ್ದಳು. ಇಲ್ಲ. ಮರುದಿನವೂ ಇಲ್ಲ. ಕಳಸದಿಂದ ನನ್ನ ತಂಗಿ ಫೋನಿನಲ್ಲಿ, "ಸುಸು ಬಂದ್ರೆ ಇನ್ನೂ ಹೇಳಲ್ವಾ? ನಮ್ಮನೆಯದು ಒಂದೂವರೆ ವರ್ಷಕ್ಕೇ ಹೇಳ್ತಿತ್ತು ಮಾರಾಯ್ತಿ" ಎಂದಳು. (ಅವಳ ಮನೆಯ ಮಕ್ಕಳು ಎಲ್ಲವನ್ನೂ ಒಂದೂವರೆ ವರ್ಷಕ್ಕೇ ಮಾಡಿದವರು.)

ಆಮೇಲೆ ಒಂದು ದಿನ ಸ್ಟಾರ್ ಬಂತು. ಮರುದಿನ ಮತ್ತೊಂದು. ರಶ್ಮಿ ಕೇಸರಿಭಾತ್ ಮಾಡಿದಳು. ನನ್ನ ಅಲಾರ್ಮಿನ ಪ್ರತಾಪ ಎಂದು ನಾನು ತಂಗಿಗೆ ಫೋನ್ ಮಾಡಿ ಹೇಳಿಕೊಂಡೆ.

ಈಗ ಆ ಸಂಜೆಗೆ ಬರುತ್ತೇನೆ. ಲೋಟ ತಳ್ಳಿದ ಮಗುವನ್ನು ಎತ್ತಿಕೊಂಡರೆ ಮೈ ಬಿಸಿ. ಬಚ್ಚಲಿಗೆ ಕರೆದೊಯ್ದರೆ ಕಾಲು ಬಿಗಿಹಿಡಿದು ಅತ್ತಳು. "ಉರಿ, ಉರಿ." ಬಂದಿದ್ದು ನಾಲ್ಕೇ ಹನಿ, ಗಾಢ ಹಳದಿ.

ಡಾಕ್ಟರ್ ಪರೀಕ್ಷೆ ಮಾಡಿಸಿ, ಮೂತ್ರದ ಸೋಂಕು ಎಂದರು. ಔಷಧಿ ಬರೆಯುತ್ತ ಕೇಳಿದರು, "ಮಗು ದಿನಕ್ಕೆ ಎಷ್ಟು ನೀರು ಕುಡಿಯುತ್ತೆ?"

ತುಂಬಿಕೊಂಡೇ ಬರುತ್ತಿದ್ದ ಬಾಟಲಿಯ ವಿಷಯ ರಶ್ಮಿ ಹೇಳಿದಳು.

"ಚೆನ್ನಾಗಿ ನೀರು ಕುಡಿಸಿ. ಟ್ರೈನಿಂಗ್ ಸದ್ಯಕ್ಕೆ ನಿಲ್ಲಿಸಿ. ಡೈಪರ್ ಹಾಕಿದರೆ ಆಕಾಶ ಬೀಳಲ್ಲ" ಎಂದರು ಡಾಕ್ಟರ್. ಆಟೋದಲ್ಲಿ ರಶ್ಮಿ ಮೆಲ್ಲಗೆ, "ಆಕಾಶ ಬೀಳಲ್ಲ ಅತ್ತೆ, ಸೀಟು ಬೀಳುತ್ತೆ" ಎಂದಳು. ಮಗು ಅವಳ ತೋಳಿನಲ್ಲಿ ನಿದ್ದೆ ಹೋಗಿತ್ತು.

ಜ್ವರ ಇಳಿದ ಮೇಲೆ ಇಬ್ಬರೂ ಡೇ-ಕೇರ್‌ಗೆ ಹೋದೆವು. ನಾನು ಹೋಗಿದ್ದು ಜಗಳಕ್ಕೇ. ಮಕ್ಕಳಿಗೆ ನೀರು ಕೊಡದೆ ಚಡ್ಡಿ ಒಣಗಿಸುವುದು ಯಾವ ಸೀಮೆಯ ಶಿಸ್ತು ಎಂದು ಕೇಳಿಯೇಬಿಟ್ಟೆ.

ಮಿಸ್ ಕೂಡಲೇ ಹೇಳಿದರು, "ಮೇಡಂ, ನಾವು ಕೊಡಲ್ಲ ಅಂತ ಯಾರಂದ್ರು? ಇವಳೇ ಕುಡಿಯಲ್ಲ. ಕೇಳಿದ್ರೆ, ಅಜ್ಜಿನೂ ಕುಡಿಯಲ್ಲ ಅಂತಾಳೆ."

"ನಾನಾ?"

"ಹೌದು. ಬಸ್ಸಿಗೆ ಹೋಗುವಾಗ ಅಜ್ಜಿ ಕುಡಿಯಲ್ಲ, ಅಮ್ಮ ಆಫೀಸಿಗೆ ಹೋಗುವಾಗ ಕುಡಿಯಲ್ಲ ಅಂದ್ಳು. ನಾವು ತಮಾಷೆ ಅಂದ್ಕೊಂಡ್ವಿ. ನೀವು ಹೇಳಿಕೊಟ್ಟಿದ್ದೇನೋ ಅಂತಾನೂ ಅನ್ನಿಸ್ತು. ಆದ್ರೆ ನಾನು ನಿಮಗೆ ಫೋನ್ ಮಾಡ್ಬೇಕಿತ್ತು."

ನನ್ನ ಜಗಳ ಅಲ್ಲೇ ನಿಂತಿತು.

ಕಳಸಕ್ಕೆ ಹೋಗುವ ದಿನ ನಾನು ಬೆಳಿಗ್ಗೆಯಿಂದ ನೀರು ಮುಟ್ಟುವುದಿಲ್ಲ. ಆ ತಿರುವುಗಳ ದಾರಿಯಲ್ಲಿ ಹೆಂಗಸೊಬ್ಬಳಿಗಾಗಿ ಬಸ್ಸು ಎಲ್ಲಿ ನಿಲ್ಲಿಸುತ್ತಾರೆ? "ಬಸ್ಸಿಗೆ ಹೋಗ್ಬೇಕು, ನೀರು ಬೇಡ" ಎಂದು ಸಾನ್ವಿಯ ಎದುರೇ ಎಷ್ಟು ಸಲ ಲೋಟ ಸರಿಸಿದ್ದೇನೋ. ಶಾಲೆಯಲ್ಲಿದ್ದಾಗಲೂ ಹಾಗೇ. ಇದ್ದ ಒಂದು ಶೌಚಾಲಯದ ಬಾಗಿಲಿಗೆ ಚಿಲಕವಿರಲಿಲ್ಲ, ಊಟದ ಜೊತೆ ಗಂಟಲು ಒದ್ದೆಯಾಗುವಷ್ಟೇ ನೀರು. ರಶ್ಮಿಯ ಆಫೀಸಿನ ಟಾಯ್ಲೆಟ್ ಇರುವುದು ಗೋಡೌನಿನ ಆಚೆ, ಲಾರಿಯವರ ನಡುವೆ ದಾಟಿ ಹೋಗಬೇಕು. ಅವಳು ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲು ಬಚ್ಚಲಿಗೆ ಓಡುತ್ತಾಳೆ. ತೋಟದಲ್ಲಿ ಕಾಫಿ ಕುಯ್ಯುವ ಹೆಂಗಸರನ್ನು ಕೇಳಿ ನೋಡಿ, ಅವರದೂ ಇದೇ ಲೆಕ್ಕ. ಇದನ್ನು ನಾವು ಯಾರೂ ಕಷ್ಟ ಎಂದುಕೊಂಡಿಲ್ಲ, ಜಾಣತನ ಎಂದುಕೊಂಡಿದ್ದೇವೆ. ಮಗು ಅದನ್ನು ನೋಡಿ ನೋಡಿ ಕಲಿತು, ಸ್ಟಾರ್ ಸಿಗುವ ದಾರಿ ತಾನೇ ಕಂಡುಕೊಂಡಿತ್ತು.

ಮಿಸ್ ತಮ್ಮ ಕಷ್ಟ ಹೇಳಿಕೊಂಡರು. ನರ್ಸರಿಯವರು ಅಡ್ಮಿಷನ್‌ಗೆ ಮೊದಲು ಕೇಳುವುದೇ ಮಗು ಡೈಪರ್ ಬಿಟ್ಟಿದೆಯೇ ಎಂದಂತೆ. ಇನ್ನೂ ಯಾಕೆ ಬಿಡಿಸಿಲ್ಲ ಎಂದು ಪೋಷಕರು ಇವರನ್ನು ಕೇಳುತ್ತಾರಂತೆ. ಅವರನ್ನು ಪೂರ್ತಿ ದೂರಲು ನನಗೆ ಮನಸ್ಸು ಬರಲಿಲ್ಲ. ಅವರದು ಫೋಟೋ, ನನ್ನದು ಅಲಾರ್ಮ್.

ರಶ್ಮಿ ಬ್ಯಾಗಿನಿಂದ ಡೈಪರ್ ಪ್ಯಾಕೆಟ್ ತೆಗೆದು ಮೇಜಿನ ಮೇಲಿಟ್ಟಳು. "ಮಿಸ್, ಸೀಟು ಹೋದ್ರೆ ಹೋಗ್ಲಿ. ಇವಳು ನೀರು ಕುಡೀಬೇಕು."

ಮಿಸ್ ಪ್ಯಾಕೆಟ್ಟನ್ನು ತಮ್ಮ ಕಡೆಗೆ ಎಳೆದುಕೊಂಡರು. "ಸದ್ಯಕ್ಕೆ ಚಿಕ್ಕ ಮಕ್ಕಳ ರೂಮಲ್ಲೇ ಇರ್ಲಿ. ಮುಂದಿನ ತಿಂಗಳದ್ದು ನಾನೀಗ ಮಾತು ಕೊಡಲ್ಲ" ಎಂದರು. ಕೆನ್ನೆಯ ಫೋಟೋಗಳು ಮರುದಿನದಿಂದ ನಿಂತಿವೆ. ಮುಂದಿನ ತಿಂಗಳು ಏನಾಗುತ್ತದೋ ನಮಗೂ ಗೊತ್ತಿಲ್ಲ. ಸೀಟಿನ ವಿಷಯ ಮಿಸ್ ಏನಾದರೂ ಹಾಕಿದ್ದಾರೇನೋ ಎಂದು ರಶ್ಮಿ ದಿನಾ ಫೋನ್ ನೋಡುತ್ತಾಳೆ.

ಮನೆಯಲ್ಲಿ ಸಾನ್ವಿ ಈಗಲೂ ಲೋಟ ಕಂಡರೆ ಅನುಮಾನದಿಂದ ನೋಡುತ್ತಾಳೆ. "ಅಜ್ಜಿ ಫಸ್ಟ್" ಎನ್ನುತ್ತಾಳೆ. ನಾನು ಪೂರ್ತಿ ಕುಡಿದು ಲೋಟ ಬೋರಲು ಹಾಕಿ ತೋರಿಸಿದ ಮೇಲೆ ಅವಳದು ಅರ್ಧ ಲೋಟ.

ಸುಸು ಬಂದರೆ ಹೇಳು, ಹೋಗು ಎಂದು ಆ ಮಗುವಿಗೆ ಕಲಿಸಲು ಹೊರಟಿದ್ದೇವೆ. ಆದರೆ ಬಂದಾಗ ಹೋಗಲು ಈ ಊರಿನ ಹೆಣ್ಣುಮಕ್ಕಳಿಗೆ ನಾವು ಎಲ್ಲಿ ಜಾಗ ಇಟ್ಟಿದ್ದೇವೆ?