ಗೋಡೆ ಡೊಂಕೇ ಇತ್ತು

ಕಾವ್ಯ, ನಿನ್ನ ಅಳತೆ ಸರಿಯಾಗಿತ್ತು. ಹಳೆಯ ಮನೆಯ ನಡುಮನೆ ಗೋಡೆ ಡೊಂಕೇ ಇತ್ತು. ಅದು ನನಗೆ ಅವತ್ತೇ ಸಂಜೆ ಗೊತ್ತಾಯಿತು — ಗೊತ್ತಾಗಿಯೂ ಬಾಯಿ ಬಿಡಲಿಲ್ಲ. ಅಕ್ಕ ಹೇಳಿದರೆ ಮುಗಿಯಿತು ಎಂದು ನಂಬಿದ್ದ ಚಿಕ್ಕಪ್ಪನ ಮಗಳಿಗೆ ಈ ಅಕ್ಕ ಮಾಡಿದ್ದು ಇದು.

ಹೋದ ವಾರ ಅಡುಗೆಮನೆಗೆ ಕಪಾಟು ಮಾಡಲು ಆಚಾರಿ ಬಂದಿದ್ದರಲ್ಲ, ಟೇಪಿನ ತುದಿ ಹಿಡಿ ಎಂದು ನಿನ್ನ ಕಡೆ ಚಾಚಿದರು. ನೀನು ಕೈ ಹಿಂದಕ್ಕೆ ಎಳೆದುಕೊಂಡು ನಕ್ಕೆ. "ಅಳ್ತೆಗಿಳ್ತೆ ಎಲ್ಲ ನಂಗೆ ಬರಾಕಿಲ್ಲ ಕಣಣ್ಣ, ನಮ್ಮಕ್ಕನ್ನ ಕರೀತೀನಿ ಇರಿ." ಆ ನಗು ನೋಡಿ ನನಗೆ ಅನ್ನ ಸೇರಲಿಲ್ಲ.

ಲಾಕ್‌ಡೌನಿನ ದಿನಗಳು ನೆನಪಿವೆಯಾ? ಬೈರಾಪಟ್ಟಣದ ಮನೆ ತುಂಬ ಜನ, ಶಾಲೆಗೆ ಬೀಗ. ಆನ್‌ಲೈನ್ ಪಾಠ ಮುಗಿದದ್ದೇ ನಮ್ಮಪ್ಪನ ಫೋನು ನಮ್ಮಿಬ್ಬರ ಕೈಗೆ. ಇಟ್ಟಿಗೆ ಮೇಲೆ ಇಟ್ಟಿಗೆ ಇಟ್ಟು ಏನು ಬೇಕಾದರೂ ಕಟ್ಟುವ ಆಟ. ಎಲ್ಲ ತಣ್ಣಗಾದ ಮೇಲೆ ಹೆಂಚಿನ ಮನೆ ಕೆಡವಿ ತಾರಸಿ ಹಾಕಿಸುವ ಮಾತು ಆಗಲೇ ನಡೆದಿತ್ತು. "ಕೆಡವಕ್ ಮುಂಚೆ ನಮ್ಮನೇನ ಇದ್ರೊಳ್ಗೆ ಕಟ್ಬುಡಾಣ ಕಣಕ್ಕ" ಅಂದವಳು ನೀನೇ.

ಆ ಆಟದಲ್ಲಿ ಒಂದು ಇಟ್ಟಿಗೆ ಅಂದರೆ ಒಂದು ಮೀಟರು, ನಮ್ಮ ಗೊಂಬೆ ಹೆಚ್ಚುಕಮ್ಮಿ ಎರಡು ಇಟ್ಟಿಗೆ ಎತ್ತರ. ಹಾಗೆ ಕಟ್ಟಿದರೆ ಮನೆ ಬೆಂಕಿಪೊಟ್ಟಣವಾಯಿತು. ಅಡುಗೆಮನೆ ಬಾಗಿಲಂತೂ ತಲೆನೋವು — ಎರಡು ಇಟ್ಟಿಗೆ ಬಿಟ್ಟರೆ ಯಾರೂ ತಲೆ ಬಗ್ಗಿಸಬೇಕಿಲ್ಲ, ಒಂದು ಬಿಟ್ಟರೆ ಯಾರೂ ಒಳಗೆ ಹೋಗುವ ಹಾಗಿಲ್ಲ. ತಲೆ ಬಗ್ಗಿಸದೆ ಹೋದರೆ ಅದು ನಮ್ಮ ಅಡುಗೆಮನೆಯೇ?

ಇಟ್ಟಿಗೆಗೆ ಒಂದು ಮೊಳ ಅಂತ ಲೆಕ್ಕ ಹಿಡಿಯೋಣ ಅಂದೆ ನೀನು. ಯಾರ ಮೊಳ? ಹೂವಿನವಳ ಮೊಳ ಯಾವತ್ತೂ ಗಿಡ್ಡ, ನಮ್ಮಪ್ಪನದು ಉದ್ದ. ಕೊನೆಗೆ ನೀನು ಅಜ್ಜಿಯ ಕೈ ಹಿಡಿದು, ಮೊಣಕೈಯಿಂದ ಬೆರಳ ತುದಿವರೆಗೆ ಹಿಪ್ಪುನೇರಳೆ ಕಡ್ಡಿಯೊಂದನ್ನು ಕತ್ತರಿಸಿಕೊಂಡೆ. "ನನ್ ಕೈ ಅಳ್ತೇಲಿ ಮನೆ ಕಟ್ತೀರೇನ್ರವ್ವಾ?" ಎಂದು ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕಿತ್ತು. ಅಲ್ಲಿಂದ ನೀನು ಬಿಟ್ಟದ್ದಿಲ್ಲ — ಜಗಲಿ, ಕಂಬ, ಕೊಟ್ಟಿಗೆಯ ಎಮ್ಮೆ, ಮಲಗಿದ್ದ ನಾನು, ಎಲ್ಲದಕ್ಕೂ ಕಡ್ಡಿ ಹಿಡಿದೆ.

ಮೊದಲ ಸಲ ಆ ಅಳತೆಯ ಮನೆಯೊಳಗೆ ಕಾಲಿಟ್ಟೆವಲ್ಲ... ಗೊಂಬೆ ಈಗ ಎರಡೇ ಮೊಳ, ಆಗಷ್ಟೇ ನಡೆಯಲು ಕಲಿತ ಮಗುವಿನಷ್ಟು. ಜಗಲಿ ಎದೆಮಟ್ಟಕ್ಕೆ ಬಂತು, ಚಾವಣಿ ಎಲ್ಲೋ ಮೇಲೆ ಹೋಯಿತು. ತಪ್ಪುಹೆಜ್ಜೆ ಇಡುತ್ತಿದ್ದಾಗ ನಮ್ಮಿಬ್ಬರಿಗೂ ಕಂಡಿದ್ದ ಮನೆ ಅದೇ ಅಲ್ಲವಾ? ಅಷ್ಟು ಸಂತೋಷ ನನಗೆ ಆಮೇಲೆ ಯಾವ ಮನೆಯೂ ಕೊಟ್ಟಿಲ್ಲ.

ಚಾವಣಿ ನನ್ನ ಪಾಲಿನ ಕೆಲಸ. ಅರ್ಧ ಇಟ್ಟಿಗೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಇಟ್ಟು ಹೆಂಚಿನ ಇಳಿಜಾರು ತರುವುದರೊಳಗೆ ಕಣ್ಣು ಕಿತ್ತು ಬಂದಿತ್ತು. ಅದು ಮುಗಿದ ಮಾರನೆಯ ದಿನ ನೀನು ಕಡ್ಡಿ ಹಿಡಿದು ಬಂದೆ. ನಡುಮನೆ ಅಗಲ ಬೀದಿ ಕಡೆ ಒಂಬತ್ತು ಮೊಳ, ಹಿತ್ತಲ ಕಡೆ ಎಂಟೇ. "ಅಡಿಗೆಮನೆ ಗೋಡೆನೇ ಡೊಂಕೈತೆ ಕಣಕ್ಕ. ಬಿಚ್ಚಿ ಕಟ್ಬೇಕು." ಬಿಚ್ಚುವುದು ಅಂದರೆ ನನ್ನ ಚಾವಣಿ. ಜಗಲಿ ತುಂಬ ಜನ ಸೊಪ್ಪು ಬಿಡಿಸುತ್ತಿದ್ದರು — ನಮ್ಮಪ್ಪ, ನಿಮ್ಮಮ್ಮ, ಎಲ್ಲರೂ. ಅವರಿಗೆ ಕೇಳುವಂತೆಯೇ ನಾನು ಅಂದೆ:

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ!"

ಜಗಲಿಯೇ ನಕ್ಕಿತು. ನಿಮ್ಮಮ್ಮನೂ ನಕ್ಕರು. ಅವತ್ತಿನಿಂದ ನಿನ್ನ ಹೆಸರೇ ಡೊಂಕಿ. ಲೆಕ್ಕದಲ್ಲಿ ಒಂದು ತಪ್ಪಿದರೂ ಡೊಂಕಿ, ರೊಟ್ಟಿ ಸೊಟ್ಟಗಾದರೂ ಡೊಂಕಿ. ನೀನು ಅಳಲೂ ಇಲ್ಲ. ನನ್ನ ಪಕ್ಕ ಕೂತು, ಎಲ್ಲಿ ಡೊಂಕಾಗಬೇಕೆಂದು ಆಟದ ಗೋಡೆಗೆ ನೀನಿಟ್ಟಿದ್ದ ಗುರುತುಗಳನ್ನೆಲ್ಲ ನೀನೇ ತೆಗೆದುಹಾಕಿ ಗೋಡೆಯನ್ನು ನೆಟ್ಟಗೇ ಬಿಟ್ಟೆ.

ಸಂಜೆ ನೀನು ಡೈರಿಗೆ ಹಾಲು ಹಾಕಲು ಹೋಗಿದ್ದಾಗ ನಾನು ಕಡ್ಡಿ ತೆಗೆದುಕೊಂಡೆ. ಬೀದಿ ಕಡೆ ಒಂಬತ್ತು. ಹಿತ್ತಲ ಕಡೆ... ಎಂಟು. ಇನ್ನೊಂದು ಸಲ ಹಾಕಿದೆ. ಎಂಟೇ. ಒಳಕಲ್ಲು ತೊಳೆಯುತ್ತಿದ್ದ ಅಜ್ಜಿ ಬಾಗಿಲಿಂದ ಇಣುಕಿತು.

"ಅದು ಡೊಂಕೇ ಕಣವ್ವ. ಗೋಡೆ ಎಬ್ಬಿಸ್ವಾಗ ಒಳ್ಕಲ್ಲು ಅಡ್ಡ ಬಂತು. ನೆಟ್ಟಿರೋ ಒಳ್ಕಲ್ಲು ಕೀಳ್ಬ್ಯಾಡಿ ಅಂದ್ಬುಟ್ರು ನಮ್ಮತ್ತೆ. ಅದ್ಕೇ ಗೋಡೆನೇ ಒಸಿ ವಾರೆ ಮಾಡುದ್ರು."

ರೇಷ್ಮೆಹುಳು ಹಣ್ಣಾದಾಗಲೆಲ್ಲ ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳನ್ನು ಹೊತ್ತು ತರುವಾಗ ಆ ಮೂಲೆಯಲ್ಲೇ ಸಿಕ್ಕಿಕೊಳ್ಳುತ್ತಿದ್ದವು, ನೆನಪಿದೆಯಾ? "ಆ ಕಡೆ ತಿರುಗಿಸ್ಬ್ಯಾಡ್ರೋ" ಎಂದು ಎಲ್ಲರೂ ಕೂಗುತ್ತಿದ್ದೆವು. ಯಾಕೆ ಎಂದು ಒಬ್ಬರೂ ಕೇಳಿರಲಿಲ್ಲ. ಕೇಳಿದವಳು ನೀನು. ನೀನು ಹಾಲಿನ ಕ್ಯಾನು ಹಿಡಿದು ವಾಪಸ್ ಬಂದಾಗ ಕಡ್ಡಿ ಇನ್ನೂ ನನ್ನ ಕೈಯಲ್ಲೇ ಇತ್ತು — ಒಂದು ಮಾತು ಸಾಕಿತ್ತು. ಒಲೆಗೆ ಕಡ್ಡಿ ಬೇಕು ಅಂದರು ನಿಮ್ಮಮ್ಮ. ಕೊಟ್ಟುಬಿಟ್ಟೆ.

ಆಮೇಲೆ ಮನೆ ಹೋಯಿತು, ಅಜ್ಜಿಯೂ ಹೋಯಿತು. ಒಳಕಲ್ಲು ಹಿತ್ತಲಲ್ಲಿ ಕೋಳಿಗಳಿಗೆ ನೀರಿಡುವ ಬಾನಿಯಾಗಿದೆ. ಪಿಯುಸಿಗೆ ಸೇರುವಾಗ ನೀನು ಆರ್ಟ್ಸ್ ತೆಗೆದುಕೊಂಡೆ. ಆರ್ಟ್ಸ್ ಕಮ್ಮಿ ಎಂದು ನಾನು ಹೇಳುವವಳಲ್ಲ. ಅದು ನಿನ್ನ ಇಷ್ಟವಾಗಿದ್ದರೆ ಸರಿ. ಆದರೆ ನೀನು ಹೇಳಿದ್ದು "ಡೊಂಕಿಗ್ಯಾಕೆ ಲೆಕ್ಕ" ಅಂತ — ಅದು ನಾನು ಅಂಟಿಸಿದ ಮಾತು. ನಿನ್ನ ಕಣ್ಣನ್ನು ನೀನೇ ನಂಬದ ಹಾಗೆ ಮಾಡಿದೆ. ಒಂದು ಚಾವಣಿ ಉಳಿಸಿಕೊಳ್ಳಲು, ಅದೂ ಫೋನಿನೊಳಗಿನ ಚಾವಣಿ.

ನಿನ್ನೆ ಹಳೆಯ ಫೋನು ಚಾರ್ಜಿಗೆ ಹಾಕಿ ತೆರೆದೆ. ಮನೆ ಇದೆ. ಗೋಡೆ ನೆಟ್ಟಗಿದೆ, ಅದಕ್ಕೇ ಅದು ನಮ್ಮ ಮನೆಯಲ್ಲ. ನಾನೇ ಡೊಂಕು ಮಾಡೋಣ ಎಂದು ಬೆರಳಿಟ್ಟೆ, ಆಮೇಲೆ ತೆಗೆದೆ. ಅದನ್ನು ಕಟ್ಟುವ ಹಕ್ಕು ನನ್ನದಲ್ಲ. ಚಾವಣಿಯನ್ನು ಮಾತ್ರ ಪೂರ್ತಿ ಬಿಚ್ಚಿಟ್ಟಿದ್ದೇನೆ.

ಗೌರಿ ಹಬ್ಬಕ್ಕೆ ಎಲ್ಲರೂ ಬರುತ್ತಾರೆ. ಅವತ್ತು ನಕ್ಕವರೆಲ್ಲ ಊಟಕ್ಕೆ ಕೂತಾಗ ಎದ್ದು ನಿಂತು ಹೇಳುತ್ತೇನೆ, ಅವತ್ತಿನಷ್ಟೇ ಗಟ್ಟಿಯಾಗಿ. ಅದಕ್ಕೆ ಮುಂಚೆ ನಿನಗೊಬ್ಬಳಿಗೇ ಹೇಳಬೇಕಿತ್ತು, ಹೇಳಿದ್ದೇನೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ತೋಟದಿಂದ ಒಂದು ಹಿಪ್ಪುನೇರಳೆ ಕಡ್ಡಿ ತಂದು ಬಾಗಿಲ ಹಿಂದೆ ಇಟ್ಟಿದ್ದೇನೆ, ಉದ್ದವಾಗಿಯೇ. ಈ ಸಲ ನಿನ್ನ ಮೊಳಕ್ಕೆ ಕತ್ತರಿಸಿಕೋ.